ಕಲ್ಲಿನ ಇಳಿಜಾರಿನಲ್ಲಿ ಸೈಕಲ್ ಪೆಡಲಿನಿಂದ ಕಾಲು ಎಗರಿದರೆ ಕ್ಲಿಪ್‌ಲೆಸ್ ಬೇಕಾ?

ಆರು ತಿಂಗಳಿಂದ ಸೈಕಲ್ಲಿನ ಫ್ಲ್ಯಾಟ್ (ಶೂ ಸುಮ್ಮನೆ ಮೇಲಿಡುವ) ಪೆಡಲ್‌ನಲ್ಲಿದ್ದೀರಿ, ಕಲ್ಲಿನ ಇಳಿಜಾರಿನಲ್ಲಿ ಪಾದ ಎಗರುತ್ತದೆ, ಅದಕ್ಕೆ ಕ್ಲಿಪ್‌ಲೆಸ್ (ಶೂವನ್ನು ಕಚ್ಚಿ ಹಿಡಿಯುವ ಪೆಡಲ್) ಹಾಕಿಸಬೇಕು ಅಂತಿದ್ದೀರಿ, ಅಲ್ವಾ? ನಾನಾದರೆ ಈಗಲೇ ಬೇಡ ಅನ್ನುತ್ತೇನೆ. ಇಳಿಯುವಾಗ ಹಿಮ್ಮಡಿಯನ್ನು ಕೆಳಕ್ಕೆ ಒತ್ತಿ, ಮಂಡಿ ಸ್ವಲ್ಪ ಬಗ್ಗಿಸಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಉಳಿದರ್ಧ ಶೂನದ್ದು. ಓಡುವ ಶೂನ ಅಡಿ ಮೆತ್ತಗೆ, ಉಬ್ಬುತಗ್ಗು. ಪೆಡಲ್‌ನ ಪಿನ್ನು (ಮೇಲೆ ಚಾಚಿದ ಚಿಕ್ಕ ಮೊಳೆ) ಅದನ್ನು ಸರಿಯಾಗಿ ಕಚ್ಚುವುದಿಲ್ಲ. ಚಪ್ಪಟೆಯಾದ, ಅಂಟುವ ರಬ್ಬರಿನ ಅಡಿ ಬೇಕು. (ಅದೇ ಪಿನ್ನು ಕಣಕಾಲಿಗೆ ಬಡಿದರೆ ನಕ್ಷತ್ರ ಕಾಣಿಸುತ್ತದೆ, ನನ್ನ ಕಲೆಗಳೇ ಸಾಕ್ಷಿ!)

ಉದ್ದದ ಏರು ಜಾಸ್ತಿ ಇದ್ದರೆ ಕ್ಲಿಪ್‌ಲೆಸ್ ಹಿತ, ನಿಜ. ಹಾಕಿಸಿದರೆ ಶಿಮಾನೊ ಎಸ್‌ಎಚ್‌56 ಕ್ಲೀಟ್ (ಶೂ ಅಡಿಗೆ ಹಾಕುವ, ಪೆಡಲಿಗೆ ಸಿಕ್ಕಿಕೊಳ್ಳುವ ಲೋಹದ ತುಂಡು) ತಗೊಳ್ಳಿ. ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರಷ್ಟೇ ಅಲ್ಲ, ಜೋರಾಗಿ ಮೇಲಕ್ಕೆ ಎಳೆದರೂ ಬಿಡುತ್ತದೆ. ಪೆಡಲಿನ ಸ್ಪ್ರಿಂಗ್ ಸಡಿಲ ಮಾಡಿಕೊಂಡು ಮೊದಲು ಹುಲ್ಲಿನ ಮೇಲೆ ಕಲಿಯಿರಿ. ನಿಂತಲ್ಲೇ ಒಂದೆರಡು ಸಲ ಬೀಳುವುದು ಮಾತ್ರ ಗ್ಯಾರಂಟಿ.