ಐವತ್ತರವರೆಗೆ ಹೇಳ್ತಾಳೆ, ಐದು ಚಮಚ ತರೋಕೆ ಬರಲ್ಲ

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ, ಎಲ್‌ಕೆಜಿ. ಐವತ್ತರವರೆಗೆ ತಡವರಿಸದೆ ಹೇಳುತ್ತಾಳೆ. ಆದರೆ ಐದು ಚಮಚ ತಾ ಅಂದರೆ ಕೈಗೆ ಸಿಕ್ಕಷ್ಟು ತರುತ್ತಾಳೆ. ಶಾಲೆಯಲ್ಲಿ ನೂರರವರೆಗೆ ಬರೆಸುತ್ತಿದ್ದಾರೆ, ದಿನಾ ಅಳು. ಅಲ್ಲಿ ಇಂಗ್ಲಿಷ್ ಸಂಖ್ಯೆ, ಮನೆಯಲ್ಲಿ ಅತ್ತೆ ಕನ್ನಡದಲ್ಲಿ ಹೇಳಿಸುತ್ತಾರೆ. ನಾನೇನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಗಾಬರಿ ಬೇಡ, ಈ ವಯಸ್ಸಿಗೆ ಇದು ಮಾಮೂಲು. ಒಂದು, ಎರಡು, ಮೂರು ಅಂತ ಹೇಳುವುದು ಬಾಯಿಪಾಠ. ಎಣಿಸುವುದು ಬೇರೆಯೇ ಕೆಲಸ. ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳಬೇಕು, ಯಾವುದನ್ನೂ ಬಿಡಬಾರದು, ಎರಡು ಸಲ ಮುಟ್ಟಬಾರದು. ಕೊನೆಗೆ ಹೇಳಿದ ಸಂಖ್ಯೆಯೇ ‘ಒಟ್ಟು ಎಷ್ಟು’ ಎಂಬುದಕ್ಕೆ ಉತ್ತರ ಅಂತ ಹೊಳೆಯುವುದು ಎಲ್ಲಕ್ಕಿಂತ ಕಷ್ಟ. ಅವಳು ಐದು ಬಾದಾಮಿ ಎಣಿಸಿದ ಮೇಲೆ ‘ಎಷ್ಟಿವೆ?’ ಅಂತ ಕೇಳಿ ನೋಡಿ. ಮತ್ತೆ ಒಂದರಿಂದ ಶುರು ಮಾಡಿದರೆ ಅದಿನ್ನೂ ಹೊಳೆದಿಲ್ಲ.

ಮನಶ್ಶಾಸ್ತ್ರಜ್ಞೆ ಕರೆನ್ ವಿನ್ 1990ರ ಸುಮಾರಿಗೆ ಪುಟ್ಟ ಮಕ್ಕಳಿಗೆ ನಿಮ್ಮ ಚಮಚದಂಥದೇ ಕೆಲಸ ಕೊಟ್ಟು ನೋಡಿದ್ದರು. ಮಕ್ಕಳು ಮೊದಲು ಕೇಳಿದಾಗ ಒಂದನ್ನು ಮಾತ್ರ ಸರಿಯಾಗಿ ಕೊಡುತ್ತಾರೆ. ಕೆಲವು ತಿಂಗಳ ಮೇಲೆ ಎರಡು, ಆಮೇಲೆ ಮೂರು. ಅದಕ್ಕಿಂತ ಜಾಸ್ತಿ ಕೇಳಿದರೆ ಬಾಚಿ ಕೊಡುತ್ತಾರೆ, ನಿಮ್ಮ ಮಗಳ ಹಾಗೆ! ಎಣಿಕೆಯ ಗುಟ್ಟು ಒಮ್ಮೆ ಗೊತ್ತಾದರೆ ಐದು, ಆರೆಲ್ಲ ಒಟ್ಟಿಗೇ ಬಂದುಬಿಡುತ್ತವೆ. ಹಾಗಾಗಿ ಅವಳು ಎಷ್ಟರವರೆಗೆ ಸರಿಯಾಗಿ ತರುತ್ತಾಳೆ ನೋಡಿ. ಎರಡು ತಂದರೆ ಮೂರಕ್ಕೆ ಬನ್ನಿ, ಹತ್ತಕ್ಕೆ ಹಾರಬೇಡಿ.

ಸುಮ್ನೆ ಕೂರಿಸಿಕೊಂಡು ಎಣಿಸಿಸುವುದರಿಂದ ಮಗುವಿಗೆ ಬೇಜಾರೇ ಜಾಸ್ತಿ. ಎಣಿಸೋಕೆ ಒಂದು ಕಾರಣ ಬೇಕು ಅಲ್ವಾ? ಊಟಕ್ಕೆ ತಟ್ಟೆ ಇಡುವ ಕೆಲಸ ಅವಳಿಗೆ ಬಿಡಿ. ನಾಲ್ಕು ಜನಕ್ಕೆ ಮೂರೇ ತಂದರೆ ತಿದ್ದಬೇಡಿ. ಅಜ್ಜಿಗೆ ತಟ್ಟೆ ಇಲ್ಲ ಅಂತ ಅವಳಿಗೇ ಕಾಣುತ್ತದೆ. ‘ಇನ್ನೆಷ್ಟು ಬೇಕು?’ ಅಂದರೆ ಕೂಡುವ ಲೆಕ್ಕವೂ ಅಲ್ಲೇ ಶುರು. ದೋಸೆಗೆ ನೆನೆಹಾಕುವಾಗ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ ಅವಳೇ ಅಳೆಯಲಿ. ಚೆಲ್ಲುತ್ತಾಳೆ, ಚೆಲ್ಲಲಿ ಬಿಡಿ.

ನನಗೆ ತುಂಬ ಇಷ್ಟವಾದದ್ದು ಕುಕ್ಕರ್ ಕೂಗು. ಕಣ್ಣಿಗೆ ಕಾಣಲ್ಲ, ಬೆರಳಿಟ್ಟು ಮುಟ್ಟೋಕಾಗಲ್ಲ, ಒಂದು ಕೂಗು ಆದ ಮೇಲೆ ಮುಂದಿನದು ಬರುವವರೆಗೆ ನೆನಪಿಟ್ಟುಕೊಳ್ಳಬೇಕು. ‘ಮೂರು ಕೂಗಾದ ಮೇಲೆ ನನಗೆ ಹೇಳು’ ಅಂತ ಅವಳಿಗೇ ಒಪ್ಪಿಸಿ. ಒಲೆ ಹತ್ತಿರ ಮಾತ್ರ ನಿಲ್ಲಿಸಬೇಡಿ, ಹೊರಗೆ ಕೂತು ಕೇಳಲಿ.

ಅತ್ತೆಯವರ ಹತ್ತಿರ ಚೌಕಾಬಾರದ ಕವಡೆ ಇವೆಯಾ? ನಾಲ್ಕು ಕವಡೆ ಹಾಕಿ, ಎಷ್ಟು ಬಾಯಿ ಮೇಲಾಗಿ ಬಿದ್ದಿವೆ ಅಂತ ಕೇಳಿ. ಬೆರಳಿಟ್ಟು ಎಣಿಸದೆ, ನೋಡಿದ ಕೂಡಲೇ ‘ಮೂರು’ ಅನ್ನುವುದು ಬರಬರುತ್ತಾ ರೂಢಿಯಾಗುತ್ತದೆ. ಪೂರ್ತಿ ಆಟ ಈಗಲೇ ಬೇಡ. ಅದರ ಮನೆಗಳು ಸುತ್ತಿ ಒಳಗೆ ಹೋಗುತ್ತವೆ, ನಾಲ್ಕೂ ಬೋರಲು ಬಿದ್ದರೆ ಎಂಟು ಅನ್ನುವ ನಿಯಮ ಬೇರೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಸಾಲಾಗಿ ಹತ್ತು ಮನೆ ಬರೆದು 1ರಿಂದ 10 ಅಂಕಿ ಹಾಕಿ. ಕವಡೆ ಬಿದ್ದಷ್ಟು ಮನೆ ನಡೆಯಲಿ. ನಿಂತ ಮನೆಯನ್ನೇ ‘ಒಂದು’ ಅನ್ನುವ ತಪ್ಪು ತುಂಬ ಮಕ್ಕಳು ಮಾಡುತ್ತಾರೆ. ನಿಮ್ಮ ಸರದಿಯಲ್ಲಿ ಸರಿಯಾಗಿ ನಡೆದು ತೋರಿಸಿ, ಸಾಕು.

ಎರಡು ಭಾಷೆಯ ಚಿಂತೆ ಬಿಡಿ. ಅಜ್ಜಿ ಜೊತೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರಲಿ. ಐದೆಂಬುದು ಒಂದು ಭಾಷೆಯಲ್ಲಿ ಅರ್ಥವಾದರೆ ಇನ್ನೊಂದಕ್ಕೆ ಹೆಸರು ಕಲಿತರಾಯಿತು.

ಇನ್ನು ನೂರರವರೆಗೆ ಬರೆಸುವ ವಿಷಯ. ಇದು ಅತಿಯಾಯಿತು. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮದಲ್ಲಿ ಒಂದನೇ ತರಗತಿಗೆ ಮುಂಚಿನ ವರ್ಷದ ಗುರಿ 10ರವರೆಗಿನ ಅಂಕಿಗಳನ್ನು ಗುರುತಿಸಿ ಓದುವುದು. 99ರವರೆಗೆ ಓದಿ ಬರೆಯುವುದು ಒಂದನೇ ತರಗತಿಗೆ. ನಿಮ್ಮ ಮಗಳು ಇನ್ನೂ ಎಲ್‌ಕೆಜಿ! ಟೀಚರ್ ಹತ್ತಿರ ಜಗಳವಾಡದೆ ಇದನ್ನು ಹೇಳಿ, ಬರವಣಿಗೆ ಕಡಿಮೆ ಮಾಡಲು ಕೇಳಿಕೊಳ್ಳಿ.

ಆರು ವರ್ಷ ತುಂಬುತ್ತಾ ಬಂದರೂ ಐದು ವಸ್ತು ಎಣಿಸಿ ಕೊಡಲು ಆಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿ, ಕಣ್ಣು ಎರಡನ್ನೂ ಪರೀಕ್ಷೆ ಮಾಡಿಸಿ.