ಮನೆ, ಮಗು, ಆಫೀಸಿನ ನಡುವೆ ನಿತ್ಯದ ಪೂಜೆ-ಜಪ ಉಳಿಸಿಕೊಳ್ಳುವುದು ಹೇಗೆ?

ಮೊದಲೆಲ್ಲ ದಿನಾ ವಿಷ್ಣು ಸಹಸ್ರನಾಮ, ದೇವರಿಗೆ ಹೂವು-ದೀಪ, ಸಂಜೆ ಒಂದಿಷ್ಟು ಜಪ ನಡೆಯುತ್ತಿತ್ತು, ಮಗು ಹುಟ್ಟಿ ಆಫೀಸಿಗೂ ಹೋಗಲು ಶುರು ಮಾಡಿದ ಮೇಲೆ ವಾರಗಟ್ಟಲೆ ಏನೂ ಆಗುತ್ತಿಲ್ಲ, ಅರೆಬರೆ ಮಾಡುವುದಕ್ಕಿಂತ ಬಿಟ್ಟುಬಿಡುವುದೇ ವಾಸಿಯೇ ಎಂದು ಕೇಳಿದ್ದೀರಿ. ಕಾರಿನಲ್ಲಿ ಸ್ತೋತ್ರ ಹಾಕಿಕೊಂಡು ಕೇಳಿದರೆ ಲೆಕ್ಕಕ್ಕೆ ಬರುತ್ತದೆಯೇ ಅನ್ನುವುದು ನಿಮ್ಮ ಎರಡನೇ ಪ್ರಶ್ನೆ.

ಮೊದಲನೆಯದನ್ನು ನಿಮಗಿಂತ ಮುಂಚೆ ಪಾರ್ವತಿಯೇ ಕೇಳಿಬಿಟ್ಟಿದ್ದಾಳೆ. ನೀವು ಓದುತ್ತಿದ್ದ ಸಹಸ್ರನಾಮದ ಪುಸ್ತಕವನ್ನೇ ತೆಗೆದು ಕೊನೆಯ ಪುಟಗಳನ್ನು ನೋಡಿ. ‘ಕೇನೋಪಾಯೇನ ಲಘುನಾ’ ಎಂದು ಶುರುವಾಗುವ ಶ್ಲೋಕವಿದೆ: ಈ ಸಾವಿರ ನಾಮಗಳನ್ನು ತಿಳಿದವರು ದಿನಾ ಹೇಳುವುದಕ್ಕೆ ಹಗುರವಾದ ಉಪಾಯ ಯಾವುದು, ಹೇಳು ಅಂತ. ಶಿವ ಅದಕ್ಕೆ ಗದರಲಿಲ್ಲ, ಬೆಳಿಗ್ಗೆ ಇನ್ನೂ ಬೇಗ ಏಳು ಅಂತಲೂ ಹೇಳಲಿಲ್ಲ. ‘ಶ್ರೀರಾಮ ರಾಮ ರಾಮೇತಿ’ ಎಂಬ ಒಂದು ಶ್ಲೋಕ ಕೊಟ್ಟು, ಇದು ಸಹಸ್ರನಾಮಕ್ಕೆ ಸಮ ಎಂದ. ಅರ್ಧ ಗಂಟೆಯ ಪಾರಾಯಣಕ್ಕೆ ಅರ್ಧ ನಿಮಿಷವೂ ಹಿಡಿಯದ ಬದಲಿ, ಅದೂ ಅದೇ ಪುಸ್ತಕದೊಳಗೆ.

ಹಾಗಾಗಿ ನನ್ನ ಉತ್ತರ ಇದು. ನಮ್ಮ ಆಚರಣೆಗಳಲ್ಲಿ ದೊಡ್ಡದು, ಚಿಕ್ಕದು, ತೀರಾ ಚಿಕ್ಕದು ಎಂಬ ಅಳತೆಗಳನ್ನು ಹಿಂದಿನವರೇ ಮಾಡಿಟ್ಟಿದ್ದಾರೆ. ದೊಡ್ಡದನ್ನು ಹಿಡಿದು ಅರ್ಧಕ್ಕೆ ಬಿಡಬೇಡಿ. ಚಿಕ್ಕದನ್ನು ಆರಿಸಿಕೊಂಡು ಅದನ್ನು ಪೂರ್ತಿ ಮಾಡಿ. ಬಾಯಿಗೆ ಬಂದ ವೇಗದಲ್ಲಿ ಗಡಿಯಾರ ನೋಡುತ್ತಾ ಅರ್ಧ ಸಹಸ್ರನಾಮ ಒದರಿ ಎದ್ದವರಿಗೆ ಉಳಿಯುವುದು ಬೇಸರವೊಂದೇ. ಒಂದು ಶ್ಲೋಕವನ್ನು ನಿಧಾನವಾಗಿ ಹೇಳಿದವರಿಗೆ ಹಾಗಾಗುವುದಿಲ್ಲ. ಪೂಜೆಯೂ ಹಾಗೆಯೇ. ಹದಿನಾರು ಉಪಚಾರಗಳಿಗೆ ಸಮಯವಿಲ್ಲದಿದ್ದರೆ ಗಂಧ, ಹೂವು, ಧೂಪ, ದೀಪ, ನೈವೇದ್ಯ ಎಂಬ ಪಂಚೋಪಚಾರ ಇದೆ. ಅದಕ್ಕೂ ಆಗದಿದ್ದರೆ ಕಣ್ಣುಮುಚ್ಚಿ ಮಾಡುವ ಮಾನಸ ಪೂಜೆ ಇದೆ. ಮನಸ್ಸು ನಿಲ್ಲಿಸಿ ಮಾಡಿದರೆ ಇದೇನೂ ಸುಲಭದ ದಾರಿಯಲ್ಲ, ಆ ಮಾತು ಬೇರೆ.

ನಾನು ಸಂಧ್ಯಾವಂದನೆ ಮಾಡುವವನು. ನಿಮ್ಮಲ್ಲಿ ಆ ಪದ್ಧತಿ ಇಲ್ಲದಿದ್ದರೂ ಅದರೊಳಗಿನ ಒಂದು ವಿಷಯ ನಿಮಗೆ ಉಪಯೋಗಕ್ಕೆ ಬಂದೀತು. ಬೆಳಗಿನ ಸಂಧ್ಯೆಗೆ ನಕ್ಷತ್ರ ಇನ್ನೂ ಕಾಣುವ ಹೊತ್ತು ಉತ್ತಮ, ಅವು ಮರೆಯಾದ ಮೇಲೆ ಮಧ್ಯಮ, ಸೂರ್ಯ ಮೂಡಿದ ಮೇಲೆ ಅಧಮ ಎಂದು ಶಾಸ್ತ್ರ ವಿಂಗಡಿಸುತ್ತದೆ. ಅಧಮ ಅಂದರೂ ಅದನ್ನು ಸಂಧ್ಯೆಯ ಪಟ್ಟಿಯಿಂದ ತೆಗೆದುಹಾಕಿಲ್ಲ, ಗಮನಿಸಿ. ಹೊತ್ತು ಮೀರಿತೋ, ಮೂರು ಅರ್ಘ್ಯದ ಜೊತೆಗೆ ಕಾಲಾತೀತ ಪ್ರಾಯಶ್ಚಿತ್ತ ಅಂತ ಇನ್ನೊಂದು ಅರ್ಘ್ಯ ಕೊಡುತ್ತೇವೆ. ಬೊಗಸೆಯಲ್ಲಿ ನೀರು ಹಿಡಿದು ಬಿಡುವುದಕ್ಕೆ ಎಷ್ಟು ಹೊತ್ತು? ತಡವಾದದ್ದಕ್ಕೆ ಅಷ್ಟೇ ದಂಡ, ಕಟ್ಟಿ ಮುಂದಕ್ಕೆ ಹೋಗುವುದು. ತಪ್ಪಿತಸ್ಥ ಭಾವನೆಯನ್ನು ಇಡೀ ದಿನ ಹೊತ್ತುಕೊಂಡು ತಿರುಗು ಅಂತ ಎಲ್ಲೂ ಇಲ್ಲ. ಗಾಯತ್ರಿಗೂ ಸಾವಿರ ಶ್ರೇಷ್ಠ, ನೂರು ಮಧ್ಯಮ, ಹತ್ತು ಕನಿಷ್ಠ ಎಂಬ ಲೆಕ್ಕವಿದೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದ ದಿನ ನನ್ನದು ಹತ್ತೇ.

ಆ ಹತ್ತನ್ನು ಎಣಿಸಲು ಮಾಲೆಯೂ ಬೇಕಿಲ್ಲ. ಬಲಗೈ ಹೆಬ್ಬೆರಳನ್ನು ಉಂಗುರ ಬೆರಳಿನ ನಡುಗೆಣ್ಣಿನ ಮೇಲಿಡಿ, ಅದು ಒಂದು. ಅದೇ ಬೆರಳಿನ ಬುಡ ಎರಡು. ಅಲ್ಲಿಂದ ಕಿರುಬೆರಳಿನ ಬುಡ, ನಡು, ತುದಿ. ಐದಾಯಿತು. ಮತ್ತೆ ಉಂಗುರ ಬೆರಳಿನ ತುದಿ, ನಡುಬೆರಳಿನ ತುದಿ, ತೋರುಬೆರಳಿನ ತುದಿ, ನಡು, ಬುಡ. ಹತ್ತು. ನಡುಬೆರಳಿನ ಕೆಳಗಿನ ಎರಡು ಗೆಣ್ಣು ಮೇರು, ಅದನ್ನು ಮುಟ್ಟುವ ಹಾಗಿಲ್ಲ. ಇದಕ್ಕೆ ಕರಮಾಲೆ ಅನ್ನುತ್ತಾರೆ. ನನ್ನ ಮಗಳು ಹಸುಗೂಸಾಗಿದ್ದಾಗ ಎಡ ಹೆಗಲ ಮೇಲೆ ಅವಳು ಮಲಗಿರುತ್ತಿದ್ದಳು, ಬಲಗೈಯಲ್ಲಿ ನಾಮಜಪದ ಎಣಿಕೆ ನಡೆಯುತ್ತಿತ್ತು. ಕೆಳಗೆ ಮಲಗಿಸಿದರೆ ಎದ್ದುಬಿಡುತ್ತಾಳಲ್ಲ, ಇನ್ನೇನು ಮಾಡುವುದು! ರಾಮ, ಕೃಷ್ಣ, ಶಿವ ಅನ್ನುವ ನಾಮಕ್ಕೆ ಇಂಥದೇ ಹೊತ್ತು, ಇಂಥದೇ ಜಾಗ ಅನ್ನುವ ಕಟ್ಟಿಲ್ಲ. ಆದರೆ ಗುರುಗಳಿಂದ ಉಪದೇಶ ಪಡೆದ ಮಂತ್ರವಾದರೆ ನನ್ನ ಮಾತು ಕೇಳಬೇಡಿ. ಸಂಖ್ಯೆ ಎಷ್ಟಕ್ಕೆ ಇಳಿಸಬಹುದು ಅಂತ ಅವರನ್ನೇ ಕೇಳಿ. ಸಂಸಾರಿಗಳ ಕಷ್ಟ ಅವರಿಗೆ ಹೊಸದಲ್ಲ.

ಇಷ್ಟು ಚಿಕ್ಕದಾದರೆ ಏನು ಪ್ರಯೋಜನ ಅಂತ ಅನ್ನಿಸಬಹುದು. ಯೋಗಸೂತ್ರದಲ್ಲಿ ಪತಂಜಲಿ ಅಭ್ಯಾಸ ಗಟ್ಟಿಯಾಗುವುದಕ್ಕೆ ಹೇಳುವುದು ಮೂರು: ಬಹುಕಾಲ ಮಾಡಬೇಕು, ನಡುವೆ ಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. ದಿನಕ್ಕೆ ಎಷ್ಟು ಹೊತ್ತು ಅನ್ನುವುದನ್ನು ಆ ಸೂತ್ರ ಎತ್ತುವುದೇ ಇಲ್ಲ. ಆದ್ದರಿಂದ ವಾರವಿಡೀ ಬಿಟ್ಟು ಭಾನುವಾರ ಎಲ್ಲ ಸೇರಿಸಿ ಮಾಡುತ್ತೇನೆ ಅನ್ನುವ ಯೋಜನೆ ಬೇಡ. ದಿನಾ ಚಿಕ್ಕದು ನಡೆಯಲಿ, ಭಾನುವಾರವೋ ಏಕಾದಶಿಯೋ ಬಿಡುವು ಸಿಕ್ಕಿದಾಗ ಪೂರ್ತಿ ಸಹಸ್ರನಾಮ ಓದಿ. ಹೊತ್ತನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ದಿನಾ ತಪ್ಪದ ಒಂದು ಕೆಲಸಕ್ಕೆ ಕಟ್ಟಿ. ಸ್ನಾನ ಆಯಿತು, ದೇವರ ಮುಂದೆ ನಿಂತೆ, ಆಮೇಲೆ ಫೋನ್ ಕೈಗೆ. ಈ ಕ್ರಮ ತಿರುವುಮುರುವಾದರೆ ಆ ದಿನದ್ದು ಮುಗಿಯಿತು ಅಂತಲೇ ತಿಳಿಯಿರಿ. ಆಫೀಸಿನ ಮೆಸೇಜ್ ಒಂದು ಕಣ್ಣಿಗೆ ಬಿದ್ದರೆ ಜಪದಲ್ಲಿ ಅದೇ ತಿರುಗುತ್ತದೆ.

ಕೆಲಸವೇ ಪೂಜೆ, ಬೇರೆ ಏನೂ ಬೇಡ ಅನ್ನುವವರೂ ನಿಮಗೆ ಸಿಗುತ್ತಾರೆ. ಮಾತು ಸುಳ್ಳಲ್ಲ. ಗೀತೆಯ ಹನ್ನೆರಡನೇ ಅಧ್ಯಾಯದಲ್ಲಿ ಕೃಷ್ಣ ಒಂದೊಂದೇ ಮೆಟ್ಟಿಲು ಇಳಿದು, ಮನಸ್ಸು ನಿಲ್ಲದಿದ್ದರೆ ಅಭ್ಯಾಸ, ಅದೂ ಆಗದಿದ್ದರೆ ನನಗಾಗಿ ಕರ್ಮ, ಅದಕ್ಕೂ ಆಗದಿದ್ದರೆ ಎಲ್ಲ ಕರ್ಮದ ಫಲತ್ಯಾಗ ಅನ್ನುತ್ತಾನೆ. ಕೊನೆಯದು ಸುಲಭ ಅನ್ನಿಸಿದರೆ ಅಪ್ರೈಸಲ್ ಪತ್ರ ಕೈಗೆ ಬಂದ ದಿನ ಒಮ್ಮೆ ನಿಮ್ಮನ್ನು ನೀವೇ ನೋಡಿಕೊಳ್ಳಿ. ಯುದ್ಧಕ್ಕೆ ನಿಲ್ಲಿಸುವಾಗಲೂ ‘ಮಾಮನುಸ್ಮರ ಯುಧ್ಯ ಚ’ ಅಂದವನು ಅವನೇ. ಸ್ಮರಣೆ ಮೊದಲು, ಯುದ್ಧ ಆಮೇಲೆ.

ಇನ್ನು ಕಾರಿನ ವಿಷಯ. ಪ್ರಹ್ಲಾದ ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಶ್ರವಣವೇ ಮೊದಲನೆಯದು, ಆದ್ದರಿಂದ ಧಾರಾಳವಾಗಿ ಕೇಳಿ. ಆದರೆ ಅದನ್ನು ಪಾರಾಯಣದ ಲೆಕ್ಕಕ್ಕೆ ಸೇರಿಸಬೇಡಿ, ಗಮನ ರಸ್ತೆಯ ಮೇಲಿರಬೇಕಲ್ಲವೇ. ಸಿಗ್ನಲ್‌ನಲ್ಲಿ ನಿಂತಾಗ ಜೊತೆಗೆ ದನಿಗೂಡಿಸಿ. ನಿಮಗೆ ಮೊದಲು ಬಾಯಿಪಾಠ ಇತ್ತಲ್ಲ, ಮರೆತ ಸಾಲುಗಳು ತಾವಾಗಿಯೇ ನಾಲಿಗೆಗೆ ಬರುತ್ತವೆ. ಬಾರದ ಕಡೆ ಮಾತ್ರ ಮನೆಗೆ ಹೋಗಿ ಪುಸ್ತಕ ನೋಡಿಕೊಂಡರೆ ಸಾಕು.