ಪುತ್ತೂರಿನ ಕೇಸನ್ನು ಬದಿಯಡ್ಕದಲ್ಲಿ ತಿದ್ದಲಾಗದು

ಪ್ರಶ್ನೆ: ಪುತ್ತೂರಿನಲ್ಲಿ ನನ್ನ ಮೇಲಿದ್ದ ಹೊಡೆದಾಟದ ಕೇಸು ಖುಲಾಸೆಯಾಗಿ ವರ್ಷಗಳಾದವು. ಕೆಲಸಕ್ಕೆಂದು ಪೊಲೀಸ್ ಪರಿಶೀಲನೆಗೆ ಹೋದರೆ ‘ವಿಚಾರಣೆಯಲ್ಲಿದೆ’ ಎಂದೇ ಬರುತ್ತದೆ. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಠಾಣೆಗೆ ಅಲೆದು ಸಾಕಾಯಿತು. (ಪೆರ್ಲದ ಓದುಗರು)

ಅಲೆಯುವುದನ್ನು ಇವತ್ತೇ ನಿಲ್ಲಿಸಿ. ಬದಿಯಡ್ಕದವರಿಗೆ ಆ ದಾಖಲೆ ಕಾಣುತ್ತದೆ, ತಿದ್ದಲು ಬರುವುದಿಲ್ಲ. ಇಷ್ಟು ಸಲ ಬರೆದರೂ ಅದೇ ಪ್ರಶ್ನೆ ಬರುತ್ತಿದೆ: ದೇಶದ ಪೊಲೀಸ್ ಠಾಣೆಗಳನ್ನು ಬೆಸೆಯುವ ಸಿಸಿಟಿಎನ್‌ಎಸ್ ಎಂಬ ಕಂಪ್ಯೂಟರ್ ಜಾಲದಲ್ಲಿ ದಾಖಲೆಯ ಹೊಣೆ ಎಫ್‌ಐಆರ್ ಹಾಕಿದ ಠಾಣೆಯದು. ಅಲ್ಲಿ ಹಂತಕ್ಕೊಂದು ನಮೂನೆ ಇದೆ. 1ನೆಯದು ಎಫ್‌ಐಆರ್, 3ನೆಯದು ದಸ್ತಗಿರಿ, 5ನೆಯದು ಅಂತಿಮ ವರದಿ, 6ನೆಯದು ಕೋರ್ಟಿನ ತೀರ್ಮಾನ. ಮೊದಲಿನವನ್ನು ತನಿಖೆಯ ಜತೆಗೇ ತುಂಬುತ್ತಾರೆ. ತೀರ್ಪು ಬರುವ ಹೊತ್ತಿಗೆ ತನಿಖಾಧಿಕಾರಿ ವರ್ಗವಾಗಿರುತ್ತಾರೆ, 6ನೆಯದು ಖಾಲಿ ಉಳಿಯುತ್ತದೆ. ಪೊಲೀಸ್, ಕೋರ್ಟು, ಜೈಲುಗಳನ್ನು ಬೆಸೆಯುವ ಐಸಿಜೆಎಸ್ ಇದೆಯಲ್ಲ ಎನ್ನಬೇಡಿ. ಹಳೆಯ ಎಫ್‌ಐಆರ್ ಸಂಖ್ಯೆಗೂ ಕೋರ್ಟಿನ ಕೇಸಿಗೂ ತಾಳೆಯಾಗದಿದ್ದರೆ ತೀರ್ಪು ತಾನಾಗಿ ಬಂದು ಸೇರುವುದಿಲ್ಲ.

ಮೊದಲು ಇ-ಕೋರ್ಟ್ಸ್ ತಾಣದಲ್ಲಿ ಕೇಸು ಹುಡುಕಿ, ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಕೇಸಿನ ಗುರುತು ಸಂಖ್ಯೆ ಬರೆದುಕೊಳ್ಳಿ. ಅಲ್ಲಿಯೇ ‘ವಿಲೇವಾರಿ’ ಎಂದಿಲ್ಲದಿದ್ದರೆ ಕೋರ್ಟಿನ ಕಚೇರಿಯಲ್ಲಿ ಸರಿಮಾಡಿಸದೆ ಮುಂದೆ ಹೋಗಬೇಡಿ. ಆಮೇಲೆ ತೀರ್ಪಿನ ದೃಢೀಕೃತ ನಕಲು ಪಡೆಯಿರಿ, ಜೆರಾಕ್ಸ್ ನಡೆಯದು. ಎಫ್‌ಐಆರ್ ಸಂಖ್ಯೆ, ವರ್ಷ, ಸಿಎನ್‌ಆರ್, ತೀರ್ಪಿನ ದಿನಾಂಕ ನಾಲ್ಕನ್ನೂ ಅರ್ಜಿಯ ತಲೆಯಲ್ಲೇ ಬರೆದು, ಕೇಸು ಹಾಕಿದ ಠಾಣೆಗೆ ಕೊಡಿ. ಅದರ ಒಂದು ಪ್ರತಿ ದಕ್ಷಿಣ ಕನ್ನಡ ಎಸ್‌ಪಿ ಕಚೇರಿಗೆ ಹೋಗಲಿ, ಮಂಗಳೂರು ಕಮಿಷನರಿಗಲ್ಲ. ಸ್ವೀಕೃತಿಯ ಮೊಹರು ಬೀಳದೆ ಠಾಣೆಯಿಂದ ಹೊರಬರಬೇಡಿ.

ಹೆಸರನ್ನು ಎಫ್‌ಐಆರಿನಲ್ಲಿದ್ದ ಹಾಗೆಯೇ ಬರೆಯಿರಿ. ಐತಪ್ಪ, ಐತ್ತಪ್ಪ ಕಂಪ್ಯೂಟರಿಗೆ ಇಬ್ಬರು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಓಡಾಡುವ ಗಡಿನಾಡಿನ ಹೆಸರುಗಳಿಗೆ ಈ ಕಷ್ಟ ತಪ್ಪಿದ್ದಲ್ಲ. ಊರಿನದೂ ಅದೇ ಪಾಡು: ಹೊಸದುರ್ಗ ಕಾಸರಗೋಡಿನಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. ಜಿಲ್ಲೆಯನ್ನು ಬಿಡಲೇಬೇಡಿ. ಬೇರೆಯವರ ಕೇಸು ನಿಮ್ಮ ಹೆಸರಿಗೆ ಅಂಟಿದ್ದರೆ ಬೆರಳಚ್ಚು ಹೋಲಿಸುವಂತೆ ಬರಹದಲ್ಲಿ ಕೇಳಿ.

ಇಷ್ಟೆಲ್ಲ ಆದರೂ ದಾಖಲೆ ಅಳಿಯುವುದಿಲ್ಲ, ‘ಖುಲಾಸೆ’ ಎಂದು ಬದಲಾಗುತ್ತದೆ. ‘ಎಂದಾದರೂ ಕೇಸಿತ್ತೇ’ ಎಂದು ಅರ್ಜಿ ಕೇಳಿದರೆ ಇತ್ತು ಎಂದೇ ಬರೆದು ತೀರ್ಪು ಲಗತ್ತಿಸಿ. ಕೇಸಿಗಿಂತ ಮುಚ್ಚಿಟ್ಟದ್ದಕ್ಕೆ ಕೆಲಸ ಹೋಗುವುದೇ ಹೆಚ್ಚು.

ಪ್ರಶ್ನೆ: ಹಣ ಕೊಟ್ಟರೆ ಸರ್ವರಿನಿಂದಲೇ ಅಳಿಸುತ್ತೇವೆ ಎನ್ನುವವರಿದ್ದಾರೆ, ನಂಬಬಹುದೇ?

ಶುದ್ಧ ಮೋಸ. ಆಧಾರ್ ಪ್ರತಿಯನ್ನೂ ಕೊಡಬೇಡಿ.

ಪ್ರಶ್ನೆ: ಮದುವೆಗೆ ನೋಡಿದ ಹುಡುಗನ ದಾಖಲೆಯನ್ನು ಪರಿಚಯದ ಪೊಲೀಸರಿಂದ ಹುಡುಕಿಸಿ ನೋಡಬಹುದೇ?

ಬೇಡ. ಯಾರ ಲಾಗಿನ್‌ನಿಂದ ಯಾವ ಹೆಸರು ಹುಡುಕಲಾಯಿತು ಎಂಬುದು ಉಳಿಯುತ್ತದೆ, ಸಿಕ್ಕಿಬೀಳುವವರು ಆ ಪೊಲೀಸರು.

ಪ್ರಶ್ನೆ: ಗಡಿಯ ತಲಪಾಡಿಯಾಚೆಯಿಂದ ಹಳೆಯ ಬೈಕು ಕೊಳ್ಳುತ್ತಿದ್ದೇನೆ, ಕದ್ದದ್ದೋ ಎಂದು ತಿಳಿಯುವುದು ಹೇಗೆ?

ಡಿಜಿಟಲ್ ಪೊಲೀಸ್ ತಾಣದಲ್ಲಿ ವಾಹನ ಕಳವಿನ ದಾಖಲೆಯಲ್ಲಿಲ್ಲ ಎಂಬ ಎನ್‌ಒಸಿ ತೆಗೆಯುವ ಸೌಲಭ್ಯವಿದೆ. ಚಾಸಿಸ್, ಎಂಜಿನ್ ಸಂಖ್ಯೆಗಳನ್ನು ಆರ್‌ಸಿ ನೋಡಿ ತುಂಬಬೇಡಿ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಅದರ ಬುಡದ ಗ್ರೀಸು ಒರೆಸಿ, ಕಬ್ಬಿಣದ ಮೇಲೆ ಕೊರೆದ ಚಾಸಿಸ್ ಸಂಖ್ಯೆಯನ್ನೂ, ಎಂಜಿನ್ನಿನ ಮೈಮೇಲೆ ಕೊರೆದ ಎಂಜಿನ್ ಸಂಖ್ಯೆಯನ್ನೂ ಓದಿಕೊಂಡು ತುಂಬಿ.